ಒಡೆದ ಕೋಸು

ಆಸ್ಪತ್ರೆಯ ವಾರ್ಡಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತಿಗೆ ನಾದಿನಿಯರಿಬ್ಬರು ಕೂತಿದ್ದರು. ಒಳಗೆ ಮಲಗಿದ್ದವರು ಒಬ್ಬಳಿಗೆ ಮಾವ, ಇನ್ನೊಬ್ಬಳಿಗೆ ಅಪ್ಪ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ನನ್ನ ಪದ್ಯ ಅವರ ಮಾತಿಗೆ ಅರ್ಧದಲ್ಲೇ ನಿಂತಿತು.

“ಹಿತ್ತಲಲ್ಲಿ ಉಳಿದಿದ್ದ ಎರಡು ಎಲೆಕೋಸೂ ಒಡೆದುಹೋಗಿದ್ವು ಕಣೇ. ಹಾಳಾದ್ವು ಅಂತ ನಿನ್ನೆ ಕಿತ್ತು ಹಸುವಿಗೆ ಹಾಕಿಬಿಟ್ಟೆ.”

“ಅಯ್ಯೋ ಅತ್ತಿಗೆ! ಅವನ್ನ ಅಪ್ಪ ಬೀಜಕ್ಕೆ ಬಿಟ್ಟಿದ್ರು. ಗಡ್ಡೆ ಒಡೆದ್ರೆ ತಾನೇ ಒಳಗಿನ ದಂಟು ಮೇಲೆ ಬಂದು ಹೂ ಬಿಡೋದು?”

“ಕೋಸು ಹೂ ಬಿಡುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ.”

“ನಾವು ಬಿಟ್ರೆ ತಾನೇ ಅದು ಬಿಡೋದು! ಮೊದಲು ಗಡ್ಡೆ ಕಟ್ಟುತ್ತೆ, ಚಳಿ ಕಳೆದ ಮೇಲೆ ಹಳದಿ ಹೂ. ಅಮ್ಮ ತಂದ ತಳಿ ಅದು, ಅಪ್ಪ ಇಷ್ಟು ವರ್ಷ ಉಳಿಸ್ಕೊಂಡು ಬಂದಿದ್ರು. ಬುಡ ಆದ್ರೂ ಇದೆಯಾ? ಬುಡ ಇದ್ರೆ ಮತ್ತೆ ಚಿಗುರುತ್ತೆ.”

“ಬೇರು ಸಮೇತ ಕಿತ್ತೆ. ಮಾವ ಮನೆಗೆ ಬರೋ ಹೊತ್ತಿಗೆ ಹಿತ್ತಲು ಚೊಕ್ಕಟವಾಗಿರಲಿ ಅಂತ.”

“ನಿಮ್ಮ ಚೊಕ್ಕಟಕ್ಕಿಷ್ಟು ಬೆಂಕಿ ಹಾಕ!”

ಅತ್ತಿಗೆ ಮಡಿಲಲ್ಲಿದ್ದ ಗುಲಾಬಿಯತ್ತ ನೋಡಿದಳು.

“ಹೂ ಬಂತೇನಮ್ಮ ಅಂತ ಮಾವ ದಿನಾ ಕೇಳೋರು. ಗುಲಾಬಿ ವಿಷಯ ಅಂದ್ಕೊಂಡು ಹೂಂ ಅಂತಿದ್ದೆ. ಎಷ್ಟು ಖುಷಿಪಡೋರು ಗೊತ್ತಾ!”

ನರ್ಸ್ ಬಾಗಿಲಲ್ಲಿ ನಿಂತು ಇಬ್ಬರನ್ನೂ ಕರೆದಳು.

“ನಾನು ಹೇಳ್ಲಾ ಅತ್ತಿಗೆ?”

“ಬೇಡ, ನಾನೇ ಹೇಳ್ತೀನಿ.”

“ಬೈದ್ರೆ ಬೈಸ್ಕೊಳ್ಳಿ.”

“ಅವರು ಬೈಯಲ್ಲ ಕಣೇ. ಅದೇ ಕಷ್ಟ.”

ಮಾವನಿಗೆಂದು ತಂದಿದ್ದ ಗುಲಾಬಿಯನ್ನು ಅವಳು ಬೆಂಚಿನ ಮೇಲೇ ಬಿಟ್ಟು ಒಳಗೆ ಹೋದಳು.