ಎರಡು ಸರ್ಕಾರ, ಒಂದೇ ಒಲೆ

ಅಧ್ಯಕ್ಷರಾದ ಲೌರೇನಿಯೊ ಅವರೇ, ವೇದಿಕೆಯ ಮೇಲೆ ಆಗಲೇ ತೂಕಡಿಸುತ್ತಿರುವ ಗಣ್ಯರೇ, ಟರ್ಲಾಕ್ ಊರಿನ ಸಣ್ಣ ಮನೆಮಾಲೀಕರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಮಾಜಿ ಬಾಡಿಗೆದಾರರೇ, ಸಭಿಕರೇ,

ಫೆಡರಲ್ ಸರ್ಕಾರದ ಸವಕಳಿ ಲೆಕ್ಕಕ್ಕೂ ನಮ್ಮ ಕ್ಯಾಲಿಫೋರ್ನಿಯಾ ರಾಜ್ಯದ ಸವಕಳಿ ಲೆಕ್ಕಕ್ಕೂ ಏನು ವ್ಯತ್ಯಾಸವೆಂದು ಹೇಳಲು ನನ್ನನ್ನು ಕರೆದಿದ್ದೀರಿ. ಸಮುದ್ರದಾಚೆಯ ಅಜೋರೆಸ್ ದ್ವೀಪದಲ್ಲಿ ಮೂರನೆಯ ತರಗತಿ ಮುಗಿಸಿ ದನ ಕಾಯಲು ಹೋದವಳು ನಾನು. ಆದರೂ ಕರೆದಿದ್ದೀರಿ. ಆ ಲೆಕ್ಕದಲ್ಲಿ ಗೆದ್ದವಳನ್ನು ಬಿಟ್ಟು ಇನ್ಯಾರನ್ನು ಕರೆಯುತ್ತೀರಿ?

ಸವಕಳಿ ಎಂದರೇನು? ಬಾಡಿಗೆ ಮನೆ ವರ್ಷ ವರ್ಷ ಸವೆಯುತ್ತದೆಂದು ಸರ್ಕಾರ ಒಪ್ಪಿಕೊಂಡು, ಆ ಸವೆತದಷ್ಟನ್ನು ನಮ್ಮ ಆದಾಯದಿಂದ ಕಳೆಯಲು ಬಿಡುತ್ತದೆ. ನೆಲಕ್ಕೆ ಸವಕಳಿ ಇಲ್ಲ. ಮುದುಕಿಯರಿಗೂ ಇಲ್ಲ, ಕೇಳಿ ನೋಡಿದ್ದೇನೆ. ಗೋಡೆ, ಸೂರಿನ ವಿಷಯದಲ್ಲಿ ಎರಡೂ ಸರ್ಕಾರಗಳದು ಹೆಚ್ಚುಕಡಿಮೆ ಒಂದೇ ಮಾತು. ತಕರಾರಿರುವುದು ಒಲೆ, ಫ್ರಿಜ್, ನೆಲಹಾಸು, ಅಂಗಳದ ಡಾಂಬರಿನಲ್ಲಿ. ಮೂರು ವರ್ಷದ ಕೆಳಗೆ ನನ್ನ ಕಟ್ಟಡದ ಆರು ಬಾಡಿಗೆ ಮನೆಗಳಿಗೂ ಇವನ್ನೆಲ್ಲ ಹೊಸದಾಗಿ ಹಾಕಿಸಿದೆ. ಫೆಡರಲ್ ಸರ್ಕಾರ, "ಇಡೀ ಖರ್ಚನ್ನು ಈ ವರ್ಷವೇ ಆದಾಯದಿಂದ ಕಳೆದುಬಿಡಮ್ಮ" ಎಂದಿತು. ರಾಜ್ಯ, "ಏನವಸರ? ವರ್ಷಕ್ಕಿಷ್ಟು ಅಂತ ಕಳೆ" ಎಂದಿತು. ಒಂದು, ಹಬ್ಬದೂಟ ಒಂದೇ ಸಲ ಸುರಿಯುವ ತವರು. ಇನ್ನೊಂದು, ಚಮಚದಲ್ಲಿ ಅಳೆದು ಬಡಿಸುವ ಅತ್ತೆ. ಆ ವರ್ಷ ರಾಜ್ಯಕ್ಕೆ ತೆರಿಗೆ ಕಟ್ಟುವಾಗ ನಾನು ಬೈದ ಬೈಗುಳ ಪಕ್ಕದ ಬೀದಿಗೂ ಕೇಳಿಸಿತ್ತು.

ಹೋದ ವರ್ಷ ಕಟ್ಟಡ ಮಾರಲೇಬೇಕಾಯಿತು. ಮಾಡು ಹತ್ತಿ ಹೆಂಚು ನೋಡುವ ಮೊಣಕಾಲು ನನಗೆ ಉಳಿದಿಲ್ಲ. ಒಂದು ಕಂಪನಿ ಒಳ್ಳೆಯ ಬೆಲೆ ಹೇಳಿತು, ಆದರೆ ಎಲ್ಲರೂ ಖಾಲಿ ಮಾಡಬೇಕು, ಕೆಳಗಿನ ಮನೆಯಲ್ಲಿದ್ದ ನಾನೂ ಸೇರಿ. ಪೀಚ್ ಹಣ್ಣಿನ ಡಬ್ಬಿ ಕಾರ್ಖಾನೆಯಲ್ಲಿ ದುಡಿಯುವ ರೋಸಾಲ್ಬಾ ಉಳಿದ ಬಾಡಿಗೆದಾರರನ್ನು ಒಟ್ಟುಮಾಡಿಕೊಂಡು ಬಂದಳು. "ನಾವೇ ತಗೋತೀವಿ ದೋನಾ. ಅವರಷ್ಟು ಕೊಡೋಕಾಗಲ್ಲ" ಎಂದಳು. ನನ್ನನ್ನು ಎಲ್ಲರೂ ಗೌರವಕ್ಕೆ ದೋನಾ ಎನ್ನುತ್ತಾರೆ.

ನನ್ನ ಮಗ ನೊರ್ಬೆರ್ತೊ ಲೆಕ್ಕ ಹಾಕಿದ. "ಅಮ್ಮಾ, ಇವರಿಗೆ ಕೊಟ್ರೆ ಬ್ಯಾಂಕಿನ ಸಾಲ, ಎರಡು ಸರ್ಕಾರದ ತೆರಿಗೆ, ಎಲ್ಲಾ ತೀರಿಸೋಕೆ ದುಡ್ಡು ಸಾಲಲ್ಲ. ಕಂಪನಿಗೆ ಕೊಟ್ಟು ನಮ್ಮನೆಗೆ ಬಾ. ಗ್ಯಾರೇಜ್ ಪಕ್ಕ ರೂಮಿದೆ."

ಆ ರೂಮಿನ ಕಿಟಕಿ ತೆರೆದರೆ ಬಟ್ಟೆ ಒಗೆಯುವ ಯಂತ್ರದ ಮುಖದರ್ಶನ. ಸೊಸೆಗೆ ಬೆಳ್ಳುಳ್ಳಿಯ ವಾಸನೆ ಆಗದು. ಇರಲಿ, ನಾನು ವ್ಯಾಪಾರದ ಮಾತಷ್ಟೇ ಆಡುತ್ತಿದ್ದೇನೆ. ರೋಸಾಲ್ಬಾಳಿಗೆ ರಾತ್ರಿ ಪಾಳಿ ಇದ್ದಾಗ ಅವಳ ಮಗಳಿಗೆ ಜಡೆ ಹಾಕುವವರು ಯಾರು, ನನ್ನ ಸೂಪಿಗೆ ಉಪ್ಪು ಹೆಚ್ಚಾಯಿತೆಂದು ಮುಖದ ಮೇಲೇ ಹೇಳುವವರು ಯಾರು, ಅದೆಲ್ಲ ವ್ಯಾಪಾರವಲ್ಲ. ಬಿಡಿ.

ಮಗನ ಕಾಗದದ ಮೇಲೆ ಬೆರಳಿಟ್ಟು ಕೇಳಿದೆ: "ಒಲೆಗಳ ಬೆಲೆ ಎಷ್ಟು ಉಳಿದಿದೆ ಅಂತ ಹಾಕಿದ್ದೀಯ?"

"ಸೊನ್ನೆ. ಪೂರ್ತಿ ಕಳೆದಾಗಿದೆಯಲ್ಲ."

"ಯಾವ ಸರ್ಕಾರದ ಹತ್ರ?"

"ಎರಡರ ಹತ್ರಾನೂ."

"ಹಂಗಾದ್ರೆ ಆ ವರ್ಷ ರಾಜ್ಯಕ್ಕೆ ತೆರಿಗೆ ಕಟ್ಟಿದ್ದು ನಿಮ್ಮಜ್ಜೀನಾ?"

ಮಗ ಪೆನ್ನು ಕೆಳಗಿಟ್ಟ. ಇಬ್ಬರೂ ನನ್ನ ತೆರಿಗೆ ಲೆಕ್ಕ ಬರೆಯುವ ಮಿಸೆಸ್ ಸೋರೆನ್ಸನ್ ಬಳಿಗೆ ಓಡಿದೆವು. ಆಕೆ ನಕ್ಕುಬಿಟ್ಟರು. "ರಾಜ್ಯಕ್ಕೆ ಬೇರೆ ಪಟ್ಟಿನೇ ಇಟ್ಟಿದ್ದೀನಿ ದೋನಾ ದಿಯೊಲಿಂಡಾ. ಅಲ್ಲಿ ನಿಮ್ಮ ಒಲೆ, ಡಾಂಬರಿಗೆ ಇನ್ನೂ ಬೆಲೆ ಇದೆ. ನಿಮ್ಮ ಮಗ ಫೆಡರಲ್ ಪಟ್ಟೀನೇ ಎರಡೂ ಕಡೆ ಹಾಕಿದ್ದಾರೆ."

ಅರ್ಥವಾಯಿತೇ ಸಭಿಕರೇ? ರಾಜ್ಯ ಆಗ ಕಳೆಯಲು ಬಿಡದೆ ಉಳಿಸಿದ್ದು ಮಾರುವಾಗ ನಮ್ಮ ಖರ್ಚೆಂದೇ ನಿಲ್ಲುತ್ತದೆ. ಆದ್ದರಿಂದ ರಾಜ್ಯದ ಲೆಕ್ಕದಲ್ಲಿ ಲಾಭ ಕಡಿಮೆ, ತೆರಿಗೆ ಕಡಿಮೆ. ತವರು ಮೊದಲೇ ಬಡಿಸಿದ್ದಕ್ಕೆ ಮಾರುವಾಗ ಲೆಕ್ಕ ಕೇಳಿತು. ಜಿಪುಣಿ ಅತ್ತೆ ಮಾತ್ರ ನನ್ನ ಪಾಲನ್ನು ಕಪಾಟಿನಲ್ಲಿ ಎತ್ತಿಟ್ಟಿದ್ದಳು. ಮಗನ ಲೆಕ್ಕದಲ್ಲಿ ಕಡಿಮೆ ಬಿದ್ದಿದ್ದ ಹಣ ಅಲ್ಲಿಯೇ ಇತ್ತು! ಕಂಪನಿಯವರಿಗೆ ಕಾಫಿ ಕುಡಿಸಿ ಕಳುಹಿಸಿದೆ. ರೋಸಾಲ್ಬಾಳ ಗುಂಪಿಗೆ ಬೀಗದ ಕೈ ಕೊಟ್ಟೆ. ಒಬ್ಬರೂ ಮನೆ ಖಾಲಿ ಮಾಡಲಿಲ್ಲ. ಒಬ್ಬರೂ!

ಆದ್ದರಿಂದ ಎರಡು ಪಟ್ಟಿ ಇಡಿ, ಮಾರುವ ದಿನ ಎರಡನ್ನೂ ತೆರೆಯಿರಿ. ಬೇರೆ ರಾಜ್ಯದಲ್ಲಿ ಮನೆ ಇರುವವರು ಅಲ್ಲಿಯ ಅತ್ತೆಯನ್ನು ಕೇಳಿಕೊಳ್ಳಿ. ಒಬ್ಬೊಬ್ಬಳದು ಒಂದೊಂದು ಸ್ವಭಾವ.

ಈಗ ಕೆಳಗಿನ ಮನೆಗೆ ನಾನು ಬಾಡಿಗೆದಾರಳು. ನೀವು ಕೊಟ್ಟ ಈ ಫಲಕವನ್ನು ನೇತುಹಾಕಲು ಗೋಡೆಗೆ ಒಂದು ಮೊಳೆ ಹೊಡೆಯಬೇಕು. ಮಾಲೀಕರ ಅಪ್ಪಣೆಯಿಲ್ಲದೆ ಮೊಳೆ ಹೊಡೆಯಬಾರದೆಂದು ಒಪ್ಪಂದದಲ್ಲಿ ಬರೆಸಿದ್ದವಳು ನಾನೇ. ಹೊಸ ಮಾಲೀಕರು ಅದನ್ನೇ ಮುಂದುವರಿಸಿದ್ದಾರೆ. ರೋಸಾಲ್ಬಾ, ಹೊಡೆಯಲೇನಮ್ಮ?

ಹೂಂ ಎಂದು ತಲೆ ಆಡಿಸಿದಳು. ಇಡೀ ಸಭೆ ಸಾಕ್ಷಿ. ಕೇಳಿದ ನಿಮಗೂ ಒಪ್ಪಿದ ಅವಳಿಗೂ ನನ್ನ ವಂದನೆ. ಸುತ್ತಿಗೆ ಹುಡುಕಬೇಕು, ಹೊರಡುತ್ತೇನೆ. ನಮಸ್ಕಾರ.