ಮೀಸಲು ಲೈನು

ಪುಣೆಯ ನಿಗಡಿ ಬಸ್ ಸ್ಟಾಪಿನಲ್ಲಿ ಮರಾಠಿಯ ಗದ್ದಲದ ನಡುವೆ ಧಾರವಾಡದ ಮಾತು ಕಿವಿಗೆ ಬಿದ್ದದ್ದೇ ತಡ, ಬಸ್ಸಿಗೆ ಕಾಯುತ್ತಿದ್ದ ಇಂದೂ ಕೈಯಲ್ಲಿದ್ದ ಫೋನು ಕೆಳಗಿಳಿಸಿದಳು. ಅವಳ ಮುಂದೆ ನಿಂತಿದ್ದವರು ತಾಯಿ ಮತ್ತು ಮಗ.

"ರಾಂಜಣಗಾಂವದ ಕಂಪನಿಗೆ ಇವತ್ತೂ ನೆಟ್ ಸ್ಲೋ ಆಗಿ ಮಷೀನಿನ ಡ್ರಾಯಿಂಗ್ ಹೋಗಲಿಲ್ಲವ್ವಾ. ಇಡೀ ಬಿಲ್ಡಿಂಗಿಗೆ ಮನ್ಯಾಗಿನ ನನ್ನ ಆಫೀಸಿನ ವೈಫೈ ಪಾಸ್‌ವರ್ಡ್ ಕೊಟ್ಟು ಕುಂತೀಯಲ್ಲ!"

"ಮೊಸರಿಗೆ ಹೆಪ್ಪು ಕೇಳಿದಂಗ ಬಂದು ಕೇಳ್ತಾರ. ಇಲ್ಲ ಅನಬಾರದಪಾ."

"ಅದಕ್ಕ ಈಗ ಬ್ಯಾರೆ ಫಾಸ್ಟ್ ಲೈನ್ ತಗೋಳಾಕತ್ತೀನಿ. ಡೆಡಿಕೇಟೆಡ್."

"ಹಂಗಂದ್ರ?"

"ಮೀಸಲು! ಆಫೀಸಿಗಷ್ಟ. ಬ್ಯಾರೆ ಯಾರೂ ಮುಟ್ಟಂಗಿಲ್ಲ."

"ಹಂಗ ಹೇಳು ಮತ್ತ. ಮೀಸಲಂದ್ರ ನನಗ ತಿಳೀತದ."

ಮಗ ಉಸ್ಸೆಂದ. ಅಷ್ಟರಲ್ಲಿ ಬಸ್ಸು ಬಂತು. ಅವನ ಕೈ ಹಿಡಿದು ಹತ್ತುತ್ತಾ ತಾಯಿ ಕೇಳಿದಳು:

"ನಿನ್ನ ಡ್ರಾಯಿಂಗಿನ ನೈವೇದ್ಯ ಮುಗೀತಂದ್ರ, ಪ್ರಸಾದ ಹಂಚಬಹುದಲ್ಲೋ?"