ಎದೆ ಜೇಬಿನ ಚೂರು

ಸ್ಕ್ಯಾನ್ ಕೋಣೆಯ ಹೊರಗೆ ಕೂತಿದ್ದ ದರ್ಜಿ ತನ್ನ ಹಳೆಯ ಸ್ಕ್ಯಾನ್ ಫಿಲ್ಮಿನ ಲಕೋಟೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಪಕ್ಕದಲ್ಲಿ, ಬೋರ್ಡು ಬರೆಯುವ ತಮ್ಮನ ಮೇಲೆ ಅಕ್ಕನೊಬ್ಬಳು ಹರಿಹಾಯುತ್ತಿದ್ದಳು.

“ಆರು ತಿಂಗಳ ಹಿಂದಿನ ಫಿಲ್ಮ್ ಎಲ್ಲೋ?”

“ಚೀಲದಲ್ಲಿದೆ. ಕತ್ತರಿಸಿದೀನಿ. ಅಂಕಿ ಬರೆಯೋಕೆ ಅಚ್ಚು ಬೇಕಿತ್ತು.”

“ನಿನಗೇನು ತಲೆ ಕೆಟ್ಟಿದೆಯಾ? ಶ್ವಾಸಕೋಶದ ಚುಕ್ಕೆ ಬೆಳೆದಿದಾವಾ ಅಂತ ಡಾಕ್ಟ್ರು ಯಾವುದರ ಪಕ್ಕ ಇಟ್ಟು ನೋಡ್ಬೇಕು?”

“ನೋಡಿ ಏನು ಕಡಿದು ಕಟ್ಟೆ ಹಾಕ್ತಾರೆ? ಔಷಧಿ ಇಲ್ಲ, ಆಪರೇಷನ್ ಇಲ್ಲ. ಕಾದು ನೋಡೋಣ ಅಂತಾರೆ. ಕಾದು ನೋಡೋದು ಮನೇಲಿ ಕೂತು ನನಗೂ ಬರುತ್ತೆ.”

“ಬಾಯ್ಮುಚ್ಚಿ ತೆಗಿ ಹೊರಗೆ.”

ಅವಳು ಫಿಲ್ಮನ್ನು ಬೆಳಕಿಗೆ ಹಿಡಿದಳು. ಎದೆಯ ಚಿತ್ರಗಳ ನಡುವೆ ಏಳರ ಆಕಾರದ ತೂತು.

“ಒಂಬತ್ತು ಚುಕ್ಕೆ ಇದ್ವಲ್ಲೋ ಇದರಲ್ಲಿ!”

“ಈಗ ನಾಲ್ಕೇ ಇವೆ. ಡಾಕ್ಟ್ರ ಕೈಲಿ ಆಗದ್ದು ನನ್ನ ಕತ್ತರಿ ಕೈಲಾಯ್ತು.”

ಅಕ್ಕ ನಗಲಿಲ್ಲ. “ಕತ್ತರಿಸಿದ ಚೂರು ಎಸೆದ್ಯಾ?”

ಅವನು ಅಂಗಿಯ ಎದೆ ಜೇಬಿಗೆ ಕೈಹಾಕಿ, ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ಚೂರನ್ನು ತೆಗೆದುಕೊಟ್ಟ.

“ನಡಿ ಒಳಗೆ, ಪುಕ್ಕಲ,” ಎಂದು ಅಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

ಬಾಗಿಲು ಮುಚ್ಚಿಕೊಂಡಿತು. ದರ್ಜಿ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.